ಓದುಗರ ಪ್ರಶ್ನೆ: ಕುರ್ಚಿ ಹೇಗೆ ಹಾಕೋಣ?

ಶಿರಸಿಯಲ್ಲಿ ನಮ್ಮದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಯ ಅಂಗಡಿ. ಯಜಮಾನರು ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ನಾನೇ ನಡೆಸಿದೆ. ಈಗ ಮಗ ನೋಡಿಕೊಳ್ಳುತ್ತಾನೆ. ಮದುವೆ, ಉಪನಯನ, ಸಂಘದ ಮಹಾಸಭೆ, ಆರೋಗ್ಯ ಶಿಬಿರ, ತಾಳಮದ್ದಳೆ (ಕೂತೇ ನಡೆಸುವ, ವೇಷವಿಲ್ಲದ ಯಕ್ಷಗಾನ), ವೈಕುಂಠ ಸಮಾರಾಧನೆ, ಯಾವುದೇ ಇರಲಿ, ಲಾರಿಯಿಂದ ಕುರ್ಚಿ ಇಳಿಸಿದ ಹುಡುಗರು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಅಮ್ಮಾ, ಹ್ಯಾಂಗೆ ಹಾಕೂದು?" ನಾನು ಅದೇ ಪ್ರಶ್ನೆಯನ್ನು ಕಾರ್ಯಕ್ರಮದವರಿಗೆ ದಾಟಿಸುತ್ತಿದ್ದೆ. ನೂರಕ್ಕೆ ತೊಂಬತ್ತು ಜನ "ಸಾಲಾಗಿ ಹಾಕಿಬಿಡಿ" ಎಂದು ಹೇಳಿ ಹಾರ-ತುರಾಯಿಯ ಕಡೆ ಹೋಗುತ್ತಿದ್ದರು. ಬಂದ ಜನ ಅಲ್ಲಿ ಏನು ಮಾಡಬೇಕು, ಬರೀ ಕೇಳಬೇಕೋ, ಮಾತಾಡಬೇಕೋ, ಬರೆದುಕೊಳ್ಳಬೇಕೋ, ಒಬ್ಬರನ್ನೊಬ್ಬರು ಕಾಣಬೇಕೋ ಎಂದು ಯೋಚಿಸಿ ಹೇಳಿದವರು ಬೆರಳೆಣಿಕೆಯಷ್ಟು. ಅದಕ್ಕೇ ಈ ಅಂಕಣಕ್ಕೆ ಬಂದ ಪತ್ರಗಳನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಆರಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ನಮ್ಮ ಸೇವಾ ಸಹಕಾರಿ ಸಂಘದ ವಾರ್ಷಿಕ ಮಹಾಸಭೆಗೆ ನೂರರ ಆಸುಪಾಸು ಸದಸ್ಯರು ಬರುತ್ತಾರೆ. ಸಭಾಭವನ ವೇದಿಕೆ ಬಿಟ್ಟು 50 ಅಡಿ ಉದ್ದ, 30 ಅಡಿ ಅಗಲ. ಆಡಳಿತ ಮಂಡಳಿಯ ಹನ್ನೊಂದೂ ಜನ ವೇದಿಕೆ ಮೇಲೆ ಕೂರುತ್ತಾರೆ. ಸಭೆಯಲ್ಲಿ ತುಟಿ ಪಿಟಕ್ಕೆನ್ನದ ಸದಸ್ಯರು ಚಹಾದ ಹೊತ್ತಿಗೆ ಅಂಗಳದಲ್ಲಿ ನಿಂತು ಅದೇ ಲೆಕ್ಕಪತ್ರದ ಬಗ್ಗೆ ಅರ್ಧ ತಾಸು ಮಾತಾಡುತ್ತಾರೆ. ಕುರ್ಚಿ ಬದಲಿಸಿದರೆ ಇದು ಬದಲಾದೀತೇ? – ಸಂಘದ ಕಾರ್ಯದರ್ಶಿ, ಸಿದ್ದಾಪುರ ತಾಲೂಕು

ಬದಲಾಗುತ್ತದೆ. ಪೂರ್ತಿ ಅಲ್ಲದಿದ್ದರೂ ಕಣ್ಣಿಗೆ ಕಾಣುವಷ್ಟು.

ಅಂಗಳದಲ್ಲಿ ಅವರು ಹೇಗೆ ನಿಂತಿರುತ್ತಾರೆ ಎಂದು ನೆನಪು ಮಾಡಿಕೊಳ್ಳಿ. ನಾಲ್ಕೈದು ಜನ ಸುತ್ತುಗಟ್ಟಿ, ಕೈಯಲ್ಲಿ ಲೋಟ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವ ಹಾಗೆ. ಒಬ್ಬರು "ಈ ಸಲ ಡಿವಿಡೆಂಡ್ ಯಾಕೆ ಇಳೀತು" ಎಂದರೆ ಎದುರಿನವರು ಹುಬ್ಬು ಹಾರಿಸುತ್ತಾರೆ, ಪಕ್ಕದವರು ತಲೆಯಾಡಿಸುತ್ತಾರೆ. ಆ ತಲೆಯಾಟವೇ ಮಾತಾಡುವವನಿಗೆ ಬೆಂಬಲ. ಒಳಗೆ ಸಭೆಯಲ್ಲಿ ಅದೇ ಮನುಷ್ಯನಿಗೆ ಕಾಣುವುದು ಹನ್ನೆರಡು ಸಾಲು ಬೆನ್ನು, ಅದರಾಚೆ ಮೂರಡಿ ಎತ್ತರದಲ್ಲಿ ಹನ್ನೊಂದು ಜನ. ಎದ್ದು ನಿಂತು ಕೇಳಿದರೆ ನೂರು ತಲೆ ಹಿಂದೆ ತಿರುಗುತ್ತವೆ. ನ್ಯಾಯವಾದ ಪ್ರಶ್ನೆ ಇಟ್ಟುಕೊಂಡವರೂ ಅಲ್ಲಿ ಹಿಂಜರಿಯುತ್ತಾರೆ, ಅದರಲ್ಲೂ ಹೆಂಗಸರು. ಅವರು ಅಂಜುಬುರುಕರೆಂದು ದಯವಿಟ್ಟು ತಿಳಿಯಬೇಡಿ.

ಬರ್ನಾರ್ಡ್ ಸ್ಟೈನ್‌ಜೋರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ವೃತ್ತಾಕಾರವಾಗಿ ಕೂತು ಚರ್ಚೆ ಮಾಡುವವರನ್ನು ಗಮನಿಸಿ 1950ರಲ್ಲಿ ಒಂದು ವಿಷಯ ಪ್ರಕಟಿಸಿದರು: ಒಬ್ಬರು ಮಾತು ಮುಗಿಸಿದ ಮೇಲೆ ಅದನ್ನು ಎತ್ತಿಕೊಳ್ಳುವವರು ಹೆಚ್ಚಾಗಿ ಅವರ ಎದುರಿಗೆ ಕೂತವರೇ, ಮಗ್ಗುಲಿನವರು ಕಡಿಮೆ. ನನ್ನ ಮಗಳು ಧಾರವಾಡದಲ್ಲಿ ಮನಶ್ಶಾಸ್ತ್ರ ಓದುವಾಗ ಇದನ್ನು ಹೇಳಿದಳು. ನಮ್ಮ ತಾಳಮದ್ದಳೆಯಲ್ಲಿ ಕೃಷ್ಣನನ್ನೂ ಕೌರವನನ್ನೂ ಎದುರೆದುರು ಕೂರಿಸುವುದು ಇನ್ನೇತಕ್ಕೆ ಎಂದು ನಾನು ಅವಳಿಗೆ ಹೇಳಿದೆ.

ಈಗ ನಿಮ್ಮ ಸಭಾಭವನಕ್ಕೆ ಬರೋಣ. ವೇದಿಕೆಯನ್ನು ಒಂದು ದಿನದ ಮಟ್ಟಿಗೆ ಮರೆತುಬಿಡಿ. ಐವತ್ತು ಅಡಿಯ ಉದ್ದದ ಗೋಡೆ ಇದೆಯಲ್ಲ, ಅದರ ನಡುವಿಗೆ ಮೇಜು ಹಾಕಿ. ಜನ ಒಳಗೆ ಬರುವ ಬಾಗಿಲು ಆ ಗೋಡೆಯಲ್ಲಿದ್ದರೆ ಎದುರಿನ ಉದ್ದ ಗೋಡೆ ಆರಿಸಿ. ತಡವಾಗಿ ಬಂದವರು ಅಧ್ಯಕ್ಷರ ಬೆನ್ನ ಹಿಂದಿನಿಂದ ಬರುವಂತಾಗಬಾರದು. ಮೇಜಿಗೂ ಗೋಡೆಗೂ ಸೇರಿ 5 ಅಡಿ, ಮೇಜಿನ ಮುಂದೆ 4 ಅಡಿ ಖಾಲಿ. ಆಮೇಲೆ ಕುರ್ಚಿ ಸಾಲು. ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಹೆಚ್ಚುಕಡಿಮೆ 22 ಇಂಚು ಅಗಲ ಇರುತ್ತದೆ. ಒಂದು ಸಾಲಿನ ಬೆನ್ನಿನಿಂದ ಮುಂದಿನ ಸಾಲಿನ ಬೆನ್ನಿಗೆ 3 ಅಡಿ ಬೇಕೇ ಬೇಕು, ಇಲ್ಲದಿದ್ದರೆ ಕೂತವರ ಮೊಣಕಾಲು ದಾಟಿ ಹೋಗಲಾಗುವುದಿಲ್ಲ. ಪ್ರತಿ ಸಾಲಿನಲ್ಲಿ ಎಡಕ್ಕೆ ಆರು, ನಡುವೆ ಏಳು, ಬಲಕ್ಕೆ ಆರು ಕುರ್ಚಿ, ಇವುಗಳ ಮಧ್ಯೆ 4 ಅಡಿಯ ಎರಡು ಓಣಿ, ಎರಡೂ ಕೊನೆಗೆ ಮೂರು ಮೂರು ಅಡಿ. ಹೀಗೆ ಆರು ಸಾಲು ಹಿಡಿಯುತ್ತದೆ. ನೇರ ಹಾಕಿದರೆ 114 ಕುರ್ಚಿ. ಎಡ-ಬಲದ ಗುಂಪುಗಳನ್ನು ಮೇಜಿನ ಕಡೆಗೆ ಓರೆಯಾಗಿ ತಿರುಗಿಸಿದರೆ ಹತ್ತು-ಹನ್ನೆರಡು ಕಡಿಮೆಯಾಗುತ್ತದೆ. ನೂರು ಜನಕ್ಕೆ ಅಷ್ಟು ಸಾಕು. ಓರೆಯಾಗಿ ತಿರುಗಿಸಲೇಬೇಕು, ಇಡೀ ವ್ಯವಸ್ಥೆಯ ಜೀವ ಅದರಲ್ಲಿದೆ. ಎಡಗಡೆ ಕೂತವರಿಗೆ ಬಲಗಡೆಯವರ ಮುಖ ಆಗ ಕಾಣುತ್ತದೆ.

ಲಾಭ ನೋಡಿ. ಮೊದಲಿನ ಹಾಗೆ ಉದ್ದಕ್ಕೆ ಹಾಕಿದಾಗ ಕೊನೇ ಸಾಲು ವೇದಿಕೆಯ ಅಂಚಿನಿಂದ 40 ಅಡಿ ಆಚೆ ಇರುತ್ತಿತ್ತು. ಈಗ ಮೇಜಿನಿಂದ 22 ಅಡಿ. ನಿಮ್ಮ ಸಭೆ ಮಳೆಗಾಲದಲ್ಲಿ ನಡೆಯುತ್ತದೆ, ಭವನಕ್ಕೆ ತಗಡಿನ ಶೀಟು ಎಂದು ಬರೆದಿದ್ದೀರಿ. ಘಟ್ಟದ ಮಳೆ ಶೀಟಿನ ಮೇಲೆ ಬಿದ್ದಾಗ ಹೇಗಿರುತ್ತದೆಂದು ನಿಮಗೆ ಗೊತ್ತು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳು ಸ್ವಲ್ಪ ಕಾಪಾಡುತ್ತವೆ, ಆದರೂ ಮಳೆಯ ಸದ್ದಿನಲ್ಲಿ ಹತ್ತಿರ ಕೂತವನೇ ಗೆದ್ದ. ವಿದ್ಯುತ್ ಹೋಗಿ ಮೈಕ್ ನಿಂತರೂ 22 ಅಡಿಗೆ ದನಿ ಎತ್ತಿ ಮಾತಾಡಬಹುದು, 40 ಅಡಿಗೆ ಆಗುವುದಿಲ್ಲ.

ಇನ್ನು ಹನ್ನೊಂದು ಜನ ನಿರ್ದೇಶಕರ ವಿಷಯ. ಮೇಜಿನ ಬಳಿ ಅಧ್ಯಕ್ಷರು, ನೀವು, ಲೆಕ್ಕ ಹೇಳುವವರು ಇದ್ದರೆ ಸಾಕು. ಉಳಿದವರು ಸದಸ್ಯರ ನಡುವೆ, ಬೇರೆ ಬೇರೆ ಸಾಲುಗಳಲ್ಲಿ ಕೂರಲಿ. ಕೆಲವರಿಗೆ ಇದು ಹಿಡಿಸುವುದಿಲ್ಲ, ಗೊತ್ತಿದೆ. ವೇದಿಕೆಯ ಕುರ್ಚಿ ಮರ್ಯಾದೆಯ ಪ್ರಶ್ನೆ ಎಂದು ತಿಳಿದವರು ನಮ್ಮಲ್ಲಿ ಬಹಳ. ಅವರ ಹೆಸರು ಹಿಡಿದು ಸ್ವಾಗತಿಸಿ, ಎದ್ದು ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ, ಆಮೇಲೆ ಅವರವರ ಊರಿನ ಸದಸ್ಯರ ಪಕ್ಕದಲ್ಲಿ ಕೂರಿಸಿ. ಮೊದಲ ಸಾಲಿನ ಸೋಫಾ ಬೇಡ. ಸೋಫಾ ಹಾಕಿದ ದಿನ ಅದು ಅರ್ಧ ಹೊತ್ತು ಖಾಲಿಯೇ ಇರುತ್ತದೆ, ಜನ ಅದರ ಹಿಂದಿನಿಂದಲೇ ಕೂರಲು ಶುರು ಮಾಡುತ್ತಾರೆ.

ಕೈ ಮೈಕ್ ಎರಡಿರಲಿ, ಒಂದೊಂದು ಓಣಿಗೆ ಒಂದು, ಹಿಡಿದು ಓಡಾಡಲು ಚುರುಕಾದ ಒಬ್ಬೊಬ್ಬ ಹುಡುಗಿ. ಪ್ರಶ್ನೆ ಕೇಳುವವರು ಮೇಜಿನ ಹತ್ತಿರ ನಡೆದು ಬರುವಂತಾಗಬಾರದು. ಧ್ವನಿವರ್ಧಕದ ಪೆಟ್ಟಿಗೆಗಳು ಮೈಕ್‌ಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ, ಇಲ್ಲದಿದ್ದರೆ ಕೀ ಎಂದು ಕೂಗುತ್ತದೆ. ವರದಿಯ ಪುಸ್ತಕ ಬಾಗಿಲಲ್ಲೇ ಕೈಗೆ ಸಿಗಲಿ. ಹಿರಿಯರಿಗೆ ಅಂಕಿ ಓದಲು ಬೆಳಕು ಬೇಕು, ಮಳೆಗಾಲದ ಮಧ್ಯಾಹ್ನ ಭವನದೊಳಗೆ ಕತ್ತಲೆ ಇರುತ್ತದೆ, ಟ್ಯೂಬ್‌ಲೈಟ್ ಎಲ್ಲ ಉರಿಯುತ್ತದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.

ಕಾರವಾರದಲ್ಲಿ ನಾವು ಇಪ್ಪತ್ತು ಹಿರಿಯ ನಾಗರಿಕರು ತಿಂಗಳಿಗೊಮ್ಮೆ ಒಂದು ಕೋಣೆಯಲ್ಲಿ ಸೇರುತ್ತೇವೆ. ನಾಲ್ಕೂ ಗೋಡೆಗೆ ತಾಗಿಸಿ ಕುರ್ಚಿ ಹಾಕಿ ನಡುವೆ ಜಾಗ ಬಿಟ್ಟಿದ್ದೇವೆ. ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ಆದರೂ ಮಾತು ಹುಟ್ಟುವುದಿಲ್ಲ. – ನಿವೃತ್ತ ಶಿಕ್ಷಕಿ, ಕಾರವಾರ

ಟೀಚರ್, ಕಂಡರೆ ಸಾಲದು, ಹತ್ತಿರವೂ ಇರಬೇಕು. ಇಪ್ಪತ್ತು ಅಡಿ ಆಚೆ ಇರುವವರಿಗೆ "ಮೊಮ್ಮಗಳ ಜ್ವರ ಬಿಟ್ಟಿತೇ" ಎಂದು ಕೇಳಬೇಕಾದರೆ ಕೂಗಬೇಕು, ಕೂಗಿದರೆ ಇಡೀ ಕೋಣೆ ಕೇಳುತ್ತದೆ. ಪಕ್ಕದವರ ಜೊತೆ ಮಾತಾಡಬೇಕಾದರೆ ಕುತ್ತಿಗೆ ತಿರುಗಿಸಬೇಕು. ಎಪ್ಪತ್ತು ದಾಟಿದ ಕುತ್ತಿಗೆ ಎಷ್ಟು ಹೊತ್ತು ತಿರುಗೀತು? ಕಿವಿ ಸ್ವಲ್ಪ ಮಂದವಾದವರು ತುಟಿ ನೋಡಿಯೇ ಅರ್ಧ ಅರ್ಥ ಮಾಡಿಕೊಳ್ಳುತ್ತಾರೆ, ಮಗ್ಗುಲಿನಿಂದ ತುಟಿ ಕಾಣುವುದಿಲ್ಲ.

ನಿಮ್ಮ ಕೋಣೆಯ ಹಾಗೆಯೇ ಇದ್ದ ಒಂದು ಜಾಗದ ಕಥೆ ಕೇಳಿ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತದ ಮಾನಸಿಕ ಆಸ್ಪತ್ರೆಯೊಂದರಲ್ಲಿ ವಯಸ್ಸಾದ ಹೆಂಗಸರಿಗೆಂದು ಹೊಸದಾಗಿ ಬಣ್ಣ ಬಳಿದು, ಒಳ್ಳೆಯ ಪೀಠೋಪಕರಣ ತಂದು ಒಂದು ವಾರ್ಡು ಸಿದ್ಧಮಾಡಿದ್ದರು. ಕುರ್ಚಿಗಳು ಭುಜಕ್ಕೆ ಭುಜ ತಾಗಿಸಿ ಗೋಡೆಗುಂಟ ಇದ್ದವು. ಹೆಂಗಸರು ದಿನವಿಡೀ ಸುಮ್ಮನೆ ಎದುರು ನೋಡುತ್ತ ಕೂರುತ್ತಿದ್ದರು. ಅಲ್ಲಿನ ವೈದ್ಯ ಹಂಫ್ರಿ ಓಸ್ಮಂಡ್ ಅವರಿಗೆ ಇದು ಚುಚ್ಚುತ್ತಿತ್ತು. ರಾಬರ್ಟ್ ಸೊಮ್ಮರ್ ಎಂಬ ತರುಣ ಮನಶ್ಶಾಸ್ತ್ರಜ್ಞರು ಸಣ್ಣ ಸಣ್ಣ ಮೇಜು ತರಿಸಿ ಅದರ ಸುತ್ತ ಕುರ್ಚಿ ಹಾಕಿಸಿದರು. ಮೊದಮೊದಲು ಹೆಂಗಸರಿಗೂ ದಾದಿಯರಿಗೂ ಇಷ್ಟವಾಗಲಿಲ್ಲ, ಕುರ್ಚಿ ಪುನಃ ಗೋಡೆಗೆ ಹೋಗುತ್ತಿತ್ತು. ಕೆಲವು ವಾರ ಹಟ ಹಿಡಿದು ಇಟ್ಟ ಮೇಲೆ ಎಣಿಸಿದರೆ ಮಾತುಕತೆ ಸುಮಾರು ಇಮ್ಮಡಿಯಾಗಿತ್ತು. ಮೇಜಿನ ಮೇಲೆ ಪತ್ರಿಕೆ, ಹೂವು ಇಡಲು ಜಾಗ ಸಿಕ್ಕಿದ್ದೂ ಅದಕ್ಕೆ ನೆರವಾಯಿತು.

ನೀವು ಐದು ಸಣ್ಣ ಮೇಜು ಹಾಕಿ, ಒಂದೊಂದಕ್ಕೆ ನಾಲ್ಕು ಕುರ್ಚಿ. ಸ್ಟೂಲು ಇದ್ದರೂ ನಡೆದೀತು. ಮೇಲೆ ಒಂದು ತಟ್ಟೆ ಅವಲಕ್ಕಿ, ಅವತ್ತಿನ ಪೇಪರು, ಯಾರದಾದರೂ ಹಳೆಯ ಆಲ್ಬಮ್. ಕುರ್ಚಿಗೆ ಕೈ ಇರಬೇಕು, ಏಳುವಾಗ ಊರಲಿಕ್ಕೆ. ನಿಮ್ಮ ಗುಂಪಿನವರೂ ಮೊದಲ ತಿಂಗಳು ಕುರ್ಚಿ ಎಳೆದು ಗೋಡೆಗೆ ಹಾಕುತ್ತಾರೆ. ಮೂರು ತಿಂಗಳು ಬಿಡದೆ ಮಾಡಿ, ಆಮೇಲೆ ನನಗೆ ಬರೆಯಿರಿ.

ಇಪ್ಪತ್ನಾಲ್ಕು ಸ್ವಸಹಾಯ ಗುಂಪಿನ ಮಹಿಳೆಯರಿಗೆ ಎರಡು ದಿನದ ತರಬೇತಿ ಇದೆ. ಬರುವ ತರಬೇತುದಾರರು 'ಯು' ಆಕಾರದಲ್ಲಿ ಕೂರಿಸಿ, ಪ್ರೊಜೆಕ್ಟರ್ ಇರಲಿ ಎಂದಿದ್ದಾರೆ. ನಮ್ಮ ಹೆಂಗಸರಲ್ಲಿ ಹಲವರಿಗೆ ಚಾಪೆಯೇ ಇಷ್ಟ. ಏನು ಮಾಡಲಿ? – ಒಕ್ಕೂಟದ ಕಾರ್ಯಕರ್ತೆ, ಅಂಕೋಲಾ

ಮೊದಲು ನನ್ನ ಎದೆಯಲ್ಲಿ ಉಳಿದ ಒಂದು ದಿನದ ಬಗ್ಗೆ ಹೇಳುತ್ತೇನೆ. ಕರಾವಳಿಯ ಒಂದು ಊರಿನ ಸಮಾರಂಭಕ್ಕೆ ಮುನ್ನೂರು ಕುರ್ಚಿ ಕಳಿಸಿದ್ದೆ. ಗದ್ದೆಗೆಲಸ ಬಿಟ್ಟು ಬಂದಿದ್ದ ಹಾಲಕ್ಕಿ ಸಮುದಾಯದ ಹೆಂಗಸರನ್ನು ಸಂಘಟಕರು ಹಿಂದುಗಡೆ ತಾಡಪಾಲಿನ ಮೇಲೆ ಕೂರಿಸಿದರು. ಮುಂದೆ ನೂರಕ್ಕೂ ಹೆಚ್ಚು ಕುರ್ಚಿ ಖಾಲಿ ಇತ್ತು. "ಅವರಿಗೆ ಅದೇ ರೂಢಿ" ಎಂದರು. ಅವರನ್ನು ಯಾರೂ ಕೇಳಿರಲಿಲ್ಲ. ಕಾರ್ಯಕ್ರಮ ಇದ್ದದ್ದೇ ಅವರಿಗಾಗಿ. ನಾನು ಬಾಡಿಗೆಯವಳು, ಅವತ್ತು ಬಾಯಿ ಬಿಡಲಿಲ್ಲ. ಆ ನೋವು ಇನ್ನೂ ಇದೆ. ಅದಾದ ಮೇಲೆ ನನ್ನ ಕುರ್ಚಿ ಹೋದಲ್ಲೆಲ್ಲ ಒಂದು ಮಾತು ಹೇಳಿಯೇ ಕಳಿಸುತ್ತಿದ್ದೆ: ಕೂರಿಸುವುದಾದರೆ ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ, ಇಲ್ಲವೇ ಎಲ್ಲರೂ ನೆಲದ ಮೇಲೆ ಕೂರಲಿ, ಭಾಷಣ ಮಾಡುವವರೂ ಸೇರಿ.

ಆದ್ದರಿಂದ ಮೊದಲು ಆ ಇಪ್ಪತ್ನಾಲ್ಕು ಜನರನ್ನೇ ಕೇಳಿ. ಚಾಪೆ ಎಂದರೆ ತರಬೇತುದಾರರಿಗೂ ಚಾಪೆಯೇ. ಅವರು ನಿಂತು ಮಾತಾಡಿ ಇವರು ಕತ್ತೆತ್ತಿ ನೋಡುವಂತಾಗಬಾರದು. ಮೊಣಕಾಲು ನೋವಿನವರು ಎರಡು-ಮೂರು ಜನ ಇದ್ದೇ ಇರುತ್ತಾರೆ. ಅವರಿಗೆ ಸುತ್ತಿನ ಎರಡು ತುದಿಯಲ್ಲಿ ತಗ್ಗಿನ ಸ್ಟೂಲು, ಸುತ್ತಿನ ಹೊರಗೆ ಬೇಡ. ಮಗು ಎತ್ತಿಕೊಂಡು ಬರುವವರು ಬಾಗಿಲ ಹತ್ತಿರದ ತುದಿಯಲ್ಲಿರಲಿ, ಎದ್ದು ಹೊರಗೆ ಹೋಗಿ ಬರಲು ಸಲೀಸು.

ಕುರ್ಚಿ ಬೇಕೆಂದರೆ 'ಯು' ಒಳ್ಳೆಯದೇ. ಲಾಳದ ಆಕಾರ ಎಂದುಕೊಳ್ಳಿ. ಎರಡು ಬದಿಗೆ ಎಂಟೆಂಟು, ಹಿಂದೆ ಎಂಟು. ಮುಂದೆ ಮೇಜು ಇಲ್ಲದಿದ್ದರೆ ಒಂದು ಬದಿ 16 ಅಡಿಯೊಳಗೆ ಮುಗಿಯುತ್ತದೆ, ನಿಮ್ಮ ಕೋಣೆ 28 ಅಡಿ ಎಂದು ಬರೆದಿದ್ದೀರಿ, ಅದಕ್ಕೆ ಆರಾಮ. ಮೇಜು ಹಾಕಿದರೆ ಒಬ್ಬೊಬ್ಬರಿಗೆ ಎರಡೂವರೆ ಅಡಿ ಬೇಕು, ಬದಿ 20 ಅಡಿಗೆ ಬೆಳೆಯುತ್ತದೆ, ನಡುವೆ ಕಂದಕ ತೆರೆದ ಹಾಗೆ ಆಗುತ್ತದೆ. ಬರೆಯುವ ಕೆಲಸ ಬಹಳ ಇಲ್ಲದಿದ್ದರೆ ಮೇಜು ಬಿಡಿ, ತೊಡೆಯ ಮೇಲಿಟ್ಟುಕೊಳ್ಳಲು ಒಂದೊಂದು ರಟ್ಟು ಕೊಡಿ. ಮೂವತ್ತು ದಾಟಿದರೆ 'ಯು' ಕೆಲಸ ಮಾಡುವುದಿಲ್ಲ, ತುದಿಗಳು ದೂರವಾಗಿ ಎರಡು ಗುಂಪಾಗುತ್ತವೆ.

ಪರದೆ ಲಾಳದ ಬಾಯಿಯಲ್ಲಿರಲಿ. ಅದರ ಕೆಳ ಅಂಚು ನೆಲದಿಂದ ನಾಲ್ಕಡಿಯಾದರೂ ಮೇಲಿರಬೇಕು, ಇಲ್ಲದಿದ್ದರೆ ಮುಂದಿನವರ ತಲೆ ಅಡ್ಡ. ಅಕ್ಷರ ಓದಬೇಕಾದರೆ ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಯಾರೂ ಕೂರಬಾರದೆಂದು ಈ ಕೆಲಸದವರ ಹಳೆಯ ಲೆಕ್ಕ. ನಾಲ್ಕಡಿ ಎತ್ತರದ ಪರದೆಗೆ 24 ಅಡಿ. ತೀರಾ ಹತ್ತಿರ, ಎರಡು ಪಟ್ಟಿಗಿಂತ ಈಚೆ, ಅದೂ ಬೇಡ. ಕರಾವಳಿಯವರಿಗೆ ಇನ್ನೊಂದು ಮಾತು: ಮಧ್ಯಾಹ್ನ ಮೂರರ ಮೇಲೆ ಪಡುವಣ ಕಿಟಕಿಯಿಂದ ಕಡಲ ಕಡೆಯ ಬಿಸಿಲು ಒಳಗೆ ಬೀಳುತ್ತದೆ. ಬೆಳಿಗ್ಗೆ ಚೆನ್ನಾಗಿ ಕಂಡ ಪರದೆ ಆಗ ಬಿಳಿ ಗೋಡೆ. ಪರದೆಯ ಎದುರು ಪಶ್ಚಿಮದ ಕಿಟಕಿ ಇರದಂತೆ ನೋಡಿ. ಫ್ಯಾನು ಎಲ್ಲಿ ತಿರುಗುತ್ತದೆ ಎಂದೂ ತಲೆಯೆತ್ತಿ ನೋಡಿ ಕುರ್ಚಿ ಹಾಕಿ. ಸೆಖೆಯಲ್ಲಿ ಫ್ಯಾನಿಲ್ಲದ ಮೂಲೆಯವರು ಊಟದ ನಂತರ ಪಾಠ ಕೇಳಲಾರರು.

ಅಣ್ಣ-ತಮ್ಮಂದಿರ ಪಾಲಿನ ಮಾತುಕತೆ ನಮ್ಮ ಮನೆಯಲ್ಲೇ ಇದೆ. ಹಿರಿಯರು ಇಬ್ಬರು ಬರುತ್ತಾರೆ. ಹೇಗೆ ಕೂರಿಸಿದರೆ ಜಗಳ ಕಡಿಮೆ? – ಓದುಗರು, ಕುಮಟಾ

ಪತ್ರ ಓದಿ ಮನಸ್ಸು ಭಾರವಾಯಿತು. ಅಣ್ಣ-ತಮ್ಮಂದಿರನ್ನು ಮೇಜಿನ ಆಚೆ-ಈಚೆ ನೇರ ಎದುರಿಗೆ ಕೂರಿಸಬೇಡಿ. ಮಹಾಸಭೆಗೆ ಎದುರುಬದುರು ಬೇಕು ಎಂದೆ, ಅಲ್ಲಿ ಮಾತು ಹುಟ್ಟಬೇಕಿತ್ತು. ಇಲ್ಲಿ ಮಾತು ಈಗಾಗಲೇ ಹೆಚ್ಚಾಗಿದೆ. ಆಗಲೇ ಹೇಳಿದ ಸೊಮ್ಮರ್ ಅವರೇ ಮುಂದೆ ನೋಡಿ ಬರೆದದ್ದು: ಪೈಪೋಟಿಯವರು ಎದುರೆದುರು ಕೂರುತ್ತಾರೆ, ಹರಟುವವರು ಮೇಜಿನ ಮೂಲೆಗೆ ಅಕ್ಕಪಕ್ಕ, ಸೇರಿ ಕೆಲಸ ಮಾಡುವವರು ಒಂದೇ ಬದಿಗೆ. ಇಬ್ಬರನ್ನೂ ಒಂದೇ ಬದಿಗೆ ಕೂರಿಸಿ ಜಮೀನಿನ ನಕ್ಷೆಯನ್ನು ಎದುರಿನ ಮೇಜಿನ ಮೇಲೆ ಹರಡಿ. ಇಬ್ಬರ ಕಣ್ಣೂ ಕಾಗದದ ಮೇಲಿರಲಿ. ಹಿರಿಯರು ಎರಡು ತುದಿಗೆ. ಮನೆಯ ಹೆಣ್ಣುಮಕ್ಕಳಿಗೂ ಆ ಮೇಜಿನ ಬಳಿಯೇ ಕುರ್ಚಿ ಹಾಕಿ, ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಬೇಡಿ. ಆಸ್ತಿಯಲ್ಲಿ ಅವರದೂ ಪಾಲಿದೆ.

ಮೇಜಿನ ವಿಷಯ ಸಣ್ಣದೆಂದು ಯಾರಾದರೂ ಅಂದರೆ ಇದನ್ನು ಹೇಳಿ. ವಿಯೆಟ್ನಾಂ ಯುದ್ಧ ನಿಲ್ಲಿಸುವ ಮಾತುಕತೆಗೆ 1968ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದವರು ಮೇಜಿನ ಆಕಾರ ಹೇಗಿರಬೇಕೆಂದೇ ವಾರಗಟ್ಟಲೆ ಕಾದಾಡಿದರು. ಕೊನೆಗೆ 1969ರ ಜನವರಿಯಲ್ಲಿ ಒಂದು ದುಂಡು ಮೇಜು, ಅದರ ಎರಡು ಕಡೆಗೆ ಒಂದೊಂದು ಸಣ್ಣ ಆಯತದ ಮೇಜು ಎಂದು ಒಪ್ಪಿದರು. ಅಷ್ಟು ದಿನವೂ ಅತ್ತ ಯುದ್ಧ ನಡೆಯುತ್ತಲೇ ಇತ್ತು.

ಮಳೆಗಾಲದಲ್ಲಿ ಮನೆಯ ಜಗಲಿಯಲ್ಲಿ ತಾಳಮದ್ದಳೆ ಇಟ್ಟುಕೊಂಡಿದ್ದೇವೆ. ಅರವತ್ತು ಜನ ಆದಾರು. ಚಿಕ್ಕ ವೇದಿಕೆ ಕಟ್ಟಿಸಿ ಎದುರಿಗೆ ಕುರ್ಚಿ ಹಾಕೋಣ ಎಂದು ಮಗ ಹೇಳುತ್ತಾನೆ. – ಗೃಹಿಣಿ, ಯಲ್ಲಾಪುರ ತಾಲೂಕು

ವೇದಿಕೆ ಬೇಡ ಎಂದು ಮಗನಿಗೆ ನನ್ನ ಹೆಸರಿನಲ್ಲೇ ಹೇಳಿ.

ತಾಳಮದ್ದಳೆಗೆ ನಮ್ಮ ಹಿಂದಿನವರು ಕಂಡುಕೊಂಡ ಕೂರುವ ಕ್ರಮವೇ ಇದೆ. ಪದ್ಯ ಹಾಡುವ ಭಾಗವತರು ಮಧ್ಯೆ, ಮದ್ದಳೆ-ಚಂಡೆಯವರು ಅವರ ಪಕ್ಕ, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು ಎರಡು ಬದಿಗೆ ಎದುರುಬದುರು. ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಮಾತು ಮತ್ತು ಮುಖ. ಒಬ್ಬರು ಅರ್ಥ ಹೇಳುವಾಗ ಎದುರಾಳಿಯ ಮುಖದಲ್ಲಿ ಏನು ಓಡುತ್ತಿದೆ ಎಂದು ನೋಡುವುದೇ ಕೇಳುಗನ ಸುಖ. ಮೂವತ್ತು ಅಡಿ ದೂರದ ವೇದಿಕೆಯಿಂದ ಅದು ಕಾಣುವುದಿಲ್ಲ. ಬಯಲಾಟದ ರಂಗಸ್ಥಳಕ್ಕೂ ಮೂರು ಕಡೆ ಜನ ಕೂರುತ್ತಿದ್ದರು. ಡೇರೆ ಮೇಳಗಳು ಬಂದ ಮೇಲೆ ನಾವು ಎದುರಿನಿಂದ ಮಾತ್ರ ನೋಡಲು ಕಲಿತೆವು. ನನ್ನ ಮಟ್ಟಿಗೆ ಅದು ನಷ್ಟ.

ಜಗಲಿಯ ಉದ್ದ ಗೋಡೆಯ ನಡುವಿಗೆ ಭಾಗವತರನ್ನು ಕೂರಿಸಿ, ಕೆಳಗೆ ದಪ್ಪ ಜಮಖಾನ. ಅರ್ಥಧಾರಿಗಳ ನಡುವೆ ಏಳೆಂಟು ಅಡಿ ಅಂತರ ಸಾಕು. ಮೊದಲ ಎರಡು ಸಾಲು ಚಾಪೆ, ಮಕ್ಕಳೂ ತರುಣರೂ. ಅದರ ಹಿಂದೆ ಮೂರು ಸಾಲು ಕುರ್ಚಿ, ಗೋಡೆಗುಂಟ ಹಿರಿಯರಿಗೆ ಕೈಯಿರುವವು. ಹೀಗೆ ಹಾಕಿದರೆ ಎತ್ತರದ ಮೆಟ್ಟಿಲು ತಾನಾಗಿ ಆಗುತ್ತದೆ, ವೇದಿಕೆಯ ಖರ್ಚಿಲ್ಲದೆ ಎಲ್ಲರಿಗೂ ಕಾಣುತ್ತದೆ. ಉಳಿದವರಿಗೆ ಅಂಗಳದಲ್ಲಿ ಚಪ್ಪರ. ಅಡಿಕೆ ಸೋಗೆ ಹೊದೆಸಿದರೆ ಮಳೆ ಸದ್ದು ಮಾಡದು, ತಗಡು ಹಾಕಿಸಿದರೆ ಪದ್ಯ ಕೇಳದು. ನಾನು ತಗಡು ಬಾಡಿಗೆಗೆ ಕೊಡುವವಳು, ಆದರೂ ಹೇಳುತ್ತೇನೆ, ಸೋಗೆ ಹಾಕಿಸಿ. ಕವಳದ (ಎಲೆಯಡಿಕೆಯ) ಹರಿವಾಣ ಹೋಗಿ ಬರಲು ನಡುವೆ ಒಂದು ದಾರಿ ಬಿಡಿ. ದೀಪ ಅರ್ಥಧಾರಿಗಳ ಬೆನ್ನ ಹಿಂದೆ ಬೇಡ, ಮುಖದ ಮೇಲೆ ಬೀಳಲಿ.

ಮಾರಿಕಾಂಬಾ ಜಾತ್ರೆಯ ವರ್ಷ ಕುರ್ಚಿ ಸಿಗದಿದ್ದಾಗ ಎಷ್ಟೋ ಮನೆಗಳು ಪೂರ್ತಿ ಚಾಪೆಯಲ್ಲೇ ಕಾರ್ಯಕ್ರಮ ಮಾಡಿವೆ. ಒಂದಕ್ಕೂ ಕುಂದಾಗಲಿಲ್ಲ.

ಮಾವನವರು ಗಾಲಿಕುರ್ಚಿಯಲ್ಲಿದ್ದಾರೆ. ಮಗಳ ಮದುವೆಯ ಸಭಾಂಗಣದಲ್ಲಿ ಅವರಿಗೆ ಜಾಗ ಎಲ್ಲಿ ಇಡಿಸಲಿ? – ಓದುಗರು, ಹೊನ್ನಾವರ

ಜನ ಸಾಮಾನ್ಯವಾಗಿ ಗಾಲಿಕುರ್ಚಿಯನ್ನು ಮೊದಲ ಸಾಲಿನ ಮುಂದೆ ಒಂಟಿಯಾಗಿ ನಿಲ್ಲಿಸುತ್ತಾರೆ, ಇಲ್ಲವೇ ಹಿಂಬದಿಯ ಬಾಗಿಲ ಬಳಿ. ಎರಡೂ ಕಡೆ ಅವರು ಒಬ್ಬರೇ ಆಗುತ್ತಾರೆ. ಎರಡನೇ ಅಥವಾ ಮೂರನೇ ಸಾಲಿನಲ್ಲಿ, ಓಣಿಯ ಪಕ್ಕದ ಎರಡು ಕುರ್ಚಿ ತೆಗೆಸಿ. ಗಾಲಿಕುರ್ಚಿಗೆ ಒಂದು ಕುರ್ಚಿಯ ಜಾಗ ಸಾಲದು. ಪಕ್ಕದಲ್ಲಿ ಅತ್ತೆಯವರಿಗೆ, ಅವರ ಗೆಳೆಯರಿಗೆ ಕುರ್ಚಿ ಇರಲಿ. ಓಣಿ 3 ಅಡಿಗಿಂತ ಕಡಿಮೆ ಇರಬಾರದು, 4 ಇದ್ದರೆ ಒಳ್ಳೆಯದು. ತಿರುಗಿಸಲು ಎಲ್ಲಾದರೂ ಒಂದೆಡೆ 5 ಅಡಿಯ ಚೌಕ ಖಾಲಿ ಬೇಕು. ಅಕ್ಷತೆಗೆ ಮಂಟಪ ಹತ್ತಲು ಇಳಿಜಾರು ಹಲಗೆ ಹಾಕಿಸುವಾಗ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂದು ಹಿಡಿಯಿರಿ. ಅಷ್ಟು ಜಾಗ ಇರುವುದಿಲ್ಲ, ಹಾಗಾಗಿ ವಧೂವರರೇ ಕೆಳಗಿಳಿದು ಅವರ ಬಳಿಗೆ ಬರಲಿ. ಬಡಿಸುವ ಪಂಕ್ತಿಯಲ್ಲೂ ತುದಿಯ ಜಾಗ ಅವರಿಗೆ, ಮೇಜಿನ ಕೆಳಗೆ ಮೊಣಕಾಲು ಹೋಗುತ್ತದೆಯೇ ಎಂದು ಅಳೆದು ನೋಡಿ.

ನೀವು ಕೇಳದ ಒಂದು ವಿಷಯವನ್ನೂ ಇದರ ಜೊತೆ ಹೇಳಲೇಬೇಕು. ಹಲವು ವರ್ಷದ ಹಿಂದೆ ಒಂದು ಸಭಾಂಗಣದಲ್ಲಿ ನಮ್ಮ ಕುರ್ಚಿ ಹಾಕಿದ್ದೆವು. ಉಳಿದ ಕುರ್ಚಿಗಳ ಅಟ್ಟಿಯನ್ನು ಪಕ್ಕದ ಬಾಗಿಲಿಗೆ ಅಡ್ಡ ಇಡಿ ಎಂದು ಅಲ್ಲಿನವರು ಹೇಳಿದರು, ನಮ್ಮ ಹುಡುಗರು ಇಟ್ಟರು. ಊಟದ ಹೊತ್ತಿಗೆ ದೀಪಾಲಂಕಾರದ ತಂತಿ ಸುಟ್ಟು ಹೊಗೆ ತುಂಬಿತು. ಬೆಂಕಿ ದೊಡ್ಡದಾಗಲಿಲ್ಲ. ಆದರೆ ನಾನೂರು ಜನ ಒಂದೇ ಬಾಗಿಲಿಗೆ ನುಗ್ಗಿದರು, ಒಬ್ಬ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆ ಅಟ್ಟಿಯನ್ನು ನಾನು ಕೈಯಾರೆ ಎಳೆದು ಬಾಗಿಲು ತೆರೆಯಲು ಹೋದರೆ ಹೊರಗೆ ಬೀಗ ಹಾಕಿತ್ತು.

ಅಂದಿನಿಂದ ಕುರ್ಚಿ ಹಾಕುವ ಮೊದಲು ನಾನು ಬಾಗಿಲುಗಳನ್ನು ಎಣಿಸುತ್ತೇನೆ. ಪ್ರತಿಯೊಂದನ್ನೂ ಒಳಗಿನಿಂದ ತೆರೆದು, ಹೊರಗೆ ಹತ್ತು ಹೆಜ್ಜೆ ನಡೆದು ನೋಡುತ್ತೇನೆ: ಬೈಕು ನಿಂತಿದೆಯೇ, ಗ್ಯಾಸ್ ಸಿಲಿಂಡರ್ ಇಟ್ಟಿದ್ದಾರೆಯೇ, ನೆಲ ಜಾರುತ್ತದೆಯೇ. ಆಮೇಲೆ ಬಾಗಿಲಿನಿಂದ ಬಾಗಿಲಿಗೆ ಓಣಿ ಗೆರೆ ಎಳೆದು, ಉಳಿದ ಜಾಗದಲ್ಲಿ ಕುರ್ಚಿ. ಬಾಗಿಲಿಗೆ ಅಡ್ಡವಾಗುವ ಕುರ್ಚಿ ಲಾರಿಗೇ ವಾಪಸು ಹೋಗುತ್ತದೆ, ಯಾರು ಎಷ್ಟು ಕೇಳಿಕೊಂಡರೂ. ನಿಮ್ಮ ಮದುವೆಯ ಹಿಂದಿನ ಸಂಜೆ ಮಾವನವರ ಗಾಲಿಕುರ್ಚಿಯನ್ನು ಖಾಲಿಯಾಗಿಯೇ ತಳ್ಳಿಕೊಂಡು ಹೋಗಿ. ಗೇಟಿನಿಂದ ಅವರ ಜಾಗಕ್ಕೆ, ಅಲ್ಲಿಂದ ಊಟದ ಮನೆಗೆ, ಶೌಚಾಲಯಕ್ಕೆ, ಮತ್ತೆ ಹತ್ತಿರದ ಬಾಗಿಲಿನಿಂದ ಹೊರಗೆ. ಎಲ್ಲಿ ಗಾಲಿ ತಡೆಯಿತೋ ಅಲ್ಲಿಯ ಕುರ್ಚಿ ತೆಗೆಸಿ, ಪಕ್ಕದ ಬಾಗಿಲಿನ ಕೀಲಿಕೈ ಮರುದಿನ ಯಾರ ಕೈಯಲ್ಲಿರುತ್ತದೆ ಎಂದು ಕೇಳಿಕೊಂಡು ಬನ್ನಿ.